ಇಂಜಿನಿಯರಿಂಗ್ ಪಾಠಕ್ಕೆ ಸಾಮಾನು ಎಲ್ಲದ? ನಿಮ್ಮ ಅಂಗಡ್ಯಾಗೇ ಅದ ನೋಡ್ರಿ!

ಸಿಮೆಂಟ್ ಕಾರ್ಖಾನೆ ನೆರಳಿನ ಸಾಲಿಗಳಿಗೆ ಬೇಕಾದದ್ದು ಹೊಸ ಕಟ್ಟಡವಲ್ಲ. ಒಂದು ಪೆಟ್ಟಿಗೆ, ವಾರಕ್ಕೊಂದು ಪೀರಿಯಡ್

ಕಲಬುರಗಿಯಿಂದ ಸೇಡಂ ಬಸ್ಸು ಹತ್ತಿದವರಿಗೆ ಮಳಖೇಡ ಬಂತೆಂದು ಕಂಡಕ್ಟರ್ ಕೂಗಿ ಹೇಳಬೇಕಾಗಿಲ್ಲ. ಇತ್ತ ಕಾಗಿಣಾ ದಂಡೆಯ ಹಳೇ ಕೋಟೆ, ಅತ್ತ ಮುಗಿಲಿಗೆ ಎದ್ದು ನಿಂತ ಸಿಮೆಂಟ್ ಕಾರ್ಖಾನೆಯ ಗೋಪುರ. ಆದಿತ್ಯನಗರ ಹುಟ್ಟಿದ್ದೇ ಆ ಕಾರ್ಖಾನೆಯಿಂದ. ಇದೊಂದೇ ಅಲ್ಲ. ಸೇಡಂನಲ್ಲಿ ವಾಸವದತ್ತಾ, ವಾಡಿಯಲ್ಲಿ ಎ.ಸಿ.ಸಿ., ಚಿತ್ತಾಪುರ ತಾಲೂಕಿನಲ್ಲಿ ಓರಿಯಂಟ್, ಚಿಂಚೋಳಿ ಕಡೆ ಚೆಟ್ಟಿನಾಡ್. ಶಹಾಬಾದಿನ ಫರಸಿ ಕಲ್ಲು ಹಾಸದ ಅಂಗಳ ಈ ಭಾಗದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಕಲ್ಲು ಕಡಿಯುವುದು, ಸುಡುವುದು, ಪುಡಿ ಮಾಡುವುದು, ರೈಲಿಗೆ ತುಂಬುವುದು: ಇಷ್ಟೊಂದು ಇಂಜಿನಿಯರಿಂಗ್ ಕಣ್ಣೆದುರಿಗೇ ನಡೆಯುವ ಊರುಗಳು ರಾಜ್ಯದಲ್ಲಿ ಬಹಳ ಇಲ್ಲ.

ಇಷ್ಟಿದ್ದೂ ಒಂದು ಪ್ರಶ್ನೆ. ಕಾರ್ಖಾನೆಯ ಬೆಲ್ಟು ಕಿಟಕಿಯಿಂದ ಕಾಣುವ ಸಾಲಿಯ ಏಳನೇ ಇಯತ್ತೆ ಹುಡುಗನಿಗೆ ಆ ಬೆಲ್ಟಿನ ಕೆಳಗಿನ ಕಬ್ಬಿಣದ ಚೌಕಟ್ಟು ಯಾಕೆ ತ್ರಿಕೋಣ ತ್ರಿಕೋಣವಾಗಿದೆ ಎಂದು ಗೊತ್ತೇ? ಗೊತ್ತಿಲ್ಲ. ಅವನ ತಪ್ಪಲ್ಲ. ಯಾರೂ ಹೇಳಿಲ್ಲ, ಅವನ ಕೈಯಿಂದ ಯಾರೂ ಮಾಡಿಸಿಲ್ಲ. ಮುಂದೆ ಹತ್ತು ವರ್ಷಕ್ಕೆ ಅದೇ ಹುಡುಗ ಅದೇ ಗೇಟಿನ ಮುಂದೆ ಗುತ್ತಿಗೆ ಕೂಲಿಗೆ ನಿಲ್ಲುತ್ತಾನೆ. ಒಳಗಿನ ಫಿಟರ್, ಎಲೆಕ್ಟ್ರಿಷಿಯನ್ ಕೆಲಸಕ್ಕೆ ಬೇರೆ ಕಡೆಯವರು ಬರುತ್ತಾರೆ ಎಂಬ ದೂರು ಬಸ್ ಸ್ಟ್ಯಾಂಡಿನಲ್ಲಿ ದಿನಾ ಕೇಳುತ್ತೇವೆ. ದೂರು ಹೇಳುವವರು ಬಹಳ. ಏಳನೇ ಇಯತ್ತೆಯಲ್ಲಿ ಏನು ಮಾಡಬೇಕಿತ್ತು ಎಂದು ಕೇಳುವವರು ಕಡಿಮೆ.

‘ಸಾಮಾನಿಲ್ರಿ, ರೊಕ್ಕ ಇಲ್ರಿ’

ಮಾಸ್ತರರನ್ನು ಕೇಳಿ ನೋಡಿ. ಉತ್ತರ ಒಂದೇ. “ಮಾಡಿಸಬೇಕು ಅಂತ ಮನಸ್ಸದ ರೀ, ಆದ್ರ ಸಾಮಾನಿಲ್ಲ, ರೊಕ್ಕ ಇಲ್ಲ, ಹೇಳಿಕೊಡೋರು ಇಲ್ಲ.” ಈ ಮೂರು ‘ಇಲ್ಲ’ಗಳನ್ನು ಒಂದೊಂದಾಗಿ ತೆಗೆದುಕೊಂಡು ನೋಡೋಣ. ಅದಕ್ಕೂ ಮೊದಲು ಒಂದು ಮಾತು ಸ್ಪಷ್ಟವಾಗಲಿ. ಸಾಲಿಯಲ್ಲಿ ಇಂಜಿನಿಯರಿಂಗ್ ಎಂದರೆ ದೊಡ್ಡ ದೊಡ್ಡ ಯಂತ್ರ ತಂದಿಡುವುದಲ್ಲ, ಕಂಪ್ಯೂಟರ್ ಕೊಂಡು ಪೂಜೆ ಮಾಡುವುದೂ ಅಲ್ಲ.

ವಿಜ್ಞಾನದ ಪಾಠ ‘ಹೀಗೇಕೆ ಆಗುತ್ತದೆ’ ಎಂದು ಕೇಳುತ್ತದೆ. ಇಂಜಿನಿಯರಿಂಗ್ ‘ಇದ್ದದ್ದರಲ್ಲಿ ಹ್ಯಾಂಗ ಮಾಡೋದು’ ಎಂದು ಕೇಳುತ್ತದೆ. ಇಷ್ಟೇ ಕಾಗದ, ಇಷ್ಟೇ ಸುತಳಿ, ಅರ್ಧ ತಾಸು. ಇದರಲ್ಲಿ ಒಂದು ಇಟ್ಟಿಗೆ ತಡೆಯುವ ಸೇತುವೆ ಮಾಡು. ಹುಡುಗ ಮಾಡುತ್ತಾನೆ, ಬೀಳುತ್ತದೆ. ಯಾಕೆ ಬಿತ್ತೆಂದು ನೋಡಿ ಮತ್ತೊಮ್ಮೆ ಮಾಡುತ್ತಾನೆ. ಆ ‘ಮತ್ತೊಮ್ಮೆ’ಯೇ ಪಾಠ. ಅಮೆರಿಕದ ಬಾಸ್ಟನ್ ವಿಜ್ಞಾನ ವಸ್ತುಸಂಗ್ರಹಾಲಯದವರು 2003ರಲ್ಲಿ ಪ್ರಾಥಮಿಕ ಸಾಲಿಗಳಿಗೆಂದೇ ಇಂಜಿನಿಯರಿಂಗ್ ಪಾಠಗಳನ್ನು ತಯಾರಿಸಲು ಶುರು ಮಾಡಿದರು. ಅವರು ಮಕ್ಕಳಿಗೆ ಕಲಿಸಿದ ಮೆಟ್ಟಿಲು ಐದೇ: ಕೇಳು, ಯೋಚಿಸು, ನಕ್ಷೆ ಹಾಕು, ಮಾಡು, ತಿದ್ದು. ನಮ್ಮ ಗೌಂಡಿಗೆ, ಬಡಿಗೇರಗೆ ಇದು ಹೊಸದೇ? ಅವರು ಹುಟ್ಟಿದಾಗಿನಿಂದ ಮಾಡುತ್ತಿರುವುದು ಇದನ್ನೇ. ಸಾಲಿಯೊಳಗೆ ಬಂದಿಲ್ಲ, ಅಷ್ಟೇ.

ಸೈಕಲ್ ಅಂಗಡಿಯ ವಾಲ್ ಟ್ಯೂಬು

ಮೊದಲನೇ ‘ಇಲ್ಲ’ ಸಾಮಾನಿನದು. ಇದಕ್ಕೆ ನಮ್ಮ ದೇಶದಲ್ಲೇ ಉತ್ತರ ಸಿಕ್ಕು ನಲವತ್ತು ವರ್ಷದ ಮೇಲಾಯಿತು.

ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಹದಿನಾರು ಹಳ್ಳಿ ಸಾಲಿಗಳಲ್ಲಿ ಒಂದು ಪ್ರಯೋಗ ಶುರುವಾಯಿತು. ಪುಸ್ತಕ ಬಾಯಿಪಾಠ ಮಾಡಿಸದೆ, ಊರಲ್ಲಿ ಸಿಗುವ ಸಾಮಾನಿನಿಂದಲೇ ವಿಜ್ಞಾನ ಕಲಿಸುವ ಪ್ರಯೋಗ. 1978ರಲ್ಲಿ ಅಲ್ಲಿಗೆ ಅರವಿಂದ ಗುಪ್ತಾ ಎಂಬ ತರುಣ ಇಂಜಿನಿಯರ್ ಬಂದರು. ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ, ಟೆಲ್ಕೋ ಲಾರಿ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಅಲ್ಲಿನ ವಾರದ ಸಂತೆಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ಸೈಕಲ್ಲಿನ ವಾಲ್ ಟ್ಯೂಬ್. ಪಂಕ್ಚರ್ ಅಂಗಡಿಯಲ್ಲಿ ಸಿಗುವ ಆ ಸಣ್ಣ ರಬ್ಬರ್ ನಳಿಗೆ. ಅದನ್ನು ತುಂಡು ಮಾಡಿ, ಎರಡೂ ಕಡೆಯಿಂದ ಬೆಂಕಿಕಡ್ಡಿ ತೂರಿಸಿದರೆ ಕೀಲು ಆಗುತ್ತದೆ. ಮೂರು ಕಡ್ಡಿ, ಮೂರು ಕೀಲು ಸೇರಿದರೆ ತ್ರಿಕೋಣ. ನಾಲ್ಕು ಸೇರಿದರೆ ಚೌಕ.

ಈಗ ಆ ಚೌಕವನ್ನು ಬೆರಳಿನಿಂದ ದೂಡಿ. ಸೊಟ್ಟಗಾಗಿ ಮಲಗುತ್ತದೆ. ತ್ರಿಕೋಣವನ್ನು ದೂಡಿ. ಅಲುಗುವುದಿಲ್ಲ! ಚೌಕದ ನಡುವೆ ಓರೆಯಾಗಿ ಇನ್ನೊಂದು ಕಡ್ಡಿ ಹಾಕಿದರೆ ಅದೂ ಗಟ್ಟಿ. ಯಾಕೆಂದರೆ ಚೌಕ ಹೋಗಿ ಎರಡು ತ್ರಿಕೋಣ ಆಯಿತು. ಕರೆಂಟಿನ ದೊಡ್ಡ ಕಂಬ, ರೈಲು ಸೇತುವೆ, ಕಾರ್ಖಾನೆಯ ಬೆಲ್ಟಿನ ಚೌಕಟ್ಟು, ನಿಮ್ಮ ಅಂಗಡಿಯ ತಗಡಿನ ಮಾಡಿನ ಕೈಚಿ, ಎಲ್ಲಕ್ಕೂ ಇದೇ ಕಾರಣ. ಕಡ್ಡಿಪೆಟ್ಟಿಗೆ ಒಂದು, ವಾಲ್ ಟ್ಯೂಬ್ ಗೇಣುದ್ದ. ಒಂದು ಚಹಾದ ದುಡ್ಡಿನಲ್ಲಿ ಒಂದು ಮಗುವಿನ ಪಾಠ ಮುಗಿಯುತ್ತದೆ. ಕಡ್ಡಿಯ ತುದಿಯ ಮದ್ದನ್ನು ಮಾತ್ರ ಮೊದಲೇ ಕೆರೆದು ತೆಗೆದಿರಬೇಕು.

ಅರವಿಂದ ಗುಪ್ತಾ ಮುಂದೆ ಇಂಥ ನೂರಾರು ಆಟಿಕೆಗಳನ್ನು ಕಸದಿಂದಲೇ ಮಾಡಿ ತೋರಿಸಿದರು. ಅವರ ಪುಸ್ತಕ, ಫಿಲ್ಮುಗಳು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ, ಕನ್ನಡದಲ್ಲೂ ಕೆಲವು ಇವೆ. 2018ರಲ್ಲಿ ಸರಕಾರ ಪದ್ಮಶ್ರೀ ಕೊಟ್ಟಿತು. ಹೋಶಂಗಾಬಾದಿನ ಪ್ರಯೋಗ ಮಾತ್ರ ಸಾವಿರ ಸಾಲಿಗಳ ಮಟ್ಟಿಗೆ ಬೆಳೆದ ಮೇಲೆ 2002ರಲ್ಲಿ ಅಲ್ಲಿನ ಸರಕಾರದ ಆದೇಶದಿಂದ ನಿಂತುಹೋಯಿತು. ಸರಕಾರ ಮನಸ್ಸು ಬದಲಿಸಿದರೆ ಮೂವತ್ತು ವರ್ಷದ ಕೆಲಸವೂ ನಿಲ್ಲುತ್ತದೆ. ಅದಕ್ಕೇ ಇಂಥ ಕೆಲಸದ ಬೇರು ಬಜಾರಿನಲ್ಲಿ, ಊರಿನಲ್ಲಿ ಇರಬೇಕು ಎನ್ನುವುದು.

ಸಿಮೆಂಟ್ ಊರಿನ ಹುಡುಗರಿಗೆ ಸಿಮೆಂಟಿನ ಪಾಠ

ನಮ್ಮ ಊರಿಗೆ ತಕ್ಕ ಪಾಠ ಬೇಕೆಂದರೆ ಇಲ್ಲಿದೆ. ಮನೆ ಕಟ್ಟಿಸಿದವರೆಲ್ಲರಿಗೂ ಗೊತ್ತು, ಗೌಂಡಿ ಕೆಲಸ ಹಗುರಾಗಲೆಂದು ಮಾಲಿಗೆ ನೀರು ಜಾಸ್ತಿ ಹಾಕುತ್ತಾನೆ. ನೀರು ಜಾಸ್ತಿಯಾದರೆ ಗಟ್ಟಿ ಕಡಿಮೆ. ಇದನ್ನು ಸಾಲಿಯ ಅಂಗಳದಲ್ಲೇ ಪರೀಕ್ಷೆ ಮಾಡಿ ನೋಡಬಹುದು.

ನೂರು ಗ್ರಾಂ ಸಿಮೆಂಟಿಗೆ ಮುನ್ನೂರು ಗ್ರಾಂ ಉಸುಕು. ಇಂಥವು ಮೂರು ಪಾಲು. ಒಂದಕ್ಕೆ 50 ಮಿ.ಲೀ. ನೀರು, ಎರಡನೆಯದಕ್ಕೆ 65, ಮೂರನೆಯದಕ್ಕೆ 80. ವೈರಿಂಗಿಗೆ ಬಳಸುವ ಪ್ಲಾಸ್ಟಿಕ್ ಪಟ್ಟಿಯ ತುಂಡುಗಳಿಗೆ ಎಣ್ಣೆ ಸವರಿ, ಅದರಲ್ಲಿ ಮಾಲು ತುಂಬಿ, ಮೇಲೆ ಗುರುತು ಹಾಕಬೇಕು. ಮರುದಿನ ಬಿಚ್ಚಿ, ಏಳು ದಿನ ನೀರಿನ ಬಕೀಟಿನಲ್ಲಿ ಮುಳುಗಿಸಿಡಬೇಕು. ಎಂಟನೇ ದಿನ ಎರಡು ಇಟ್ಟಿಗೆ ಮೇಲೆ ಆ ಸಿಮೆಂಟಿನ ಕೋಲು ಅಡ್ಡ ಇಟ್ಟು, ನಡುವೆ ಬಕೀಟು ತೂಗುಹಾಕಿ, ಮುರಿಯುವ ತನಕ ಸ್ವಲ್ಪ ಸ್ವಲ್ಪ ಉಸುಕು ಸುರಿಯಬೇಕು. ಮುರಿದಾಗ ಬಕೀಟನ್ನು ಹೊತ್ತುಕೊಂಡು ಪಕ್ಕದ ಕಿರಾಣಿ ಅಂಗಡಿಗೆ ಹೋಗುವುದು. “ಕಾಕಾ, ಇದರ ತೂಕ ಹಾಕಿ ಹೇಳ್ರಿ.” ಮೂರು ಕೋಲು, ಮೂರು ತೂಕ. ಬೋರ್ಡಿನ ಮೇಲೆ ಬರೆದರೆ ಯಾರೂ ಹೇಳುವುದೇ ಬೇಡ, ಮಕ್ಕಳಿಗೇ ತಿಳಿಯುತ್ತದೆ.

ಅಲ್ಲಿಗೇ ನಿಲ್ಲಬೇಡಿ. “ಈಗ ಇದಕ್ಕಿಂತ ಗಟ್ಟಿ ಕೋಲು ನೀನು ಮಾಡು” ಎಂದು ಬಿಡಿ. ಒಬ್ಬ ಕಸಬರಿಗೆ ಕಡ್ಡಿ ಹಾಕುತ್ತಾನೆ, ಒಬ್ಬಳು ಸಣ್ಣ ತಂತಿ ಹಾಕುತ್ತಾಳೆ. ತಂತಿ ಮೇಲೆ ಹಾಕಿದವಳಿಗೂ ಕೆಳಗೆ ಹಾಕಿದವಳಿಗೂ ಫರಕು ಕಾಣುತ್ತದೆ. ಭಾರ ಬಿದ್ದಾಗ ಕೆಳಗಿನ ಭಾಗ ಹಿಗ್ಗುತ್ತದೆ. ಸಿಮೆಂಟ್ ಹಿಗ್ಗುವುದಕ್ಕೆ ಒಗ್ಗದು, ಕಬ್ಬಿಣ ಒಗ್ಗುತ್ತದೆ. ಸ್ಲ್ಯಾಬಿನ ರಾಡನ್ನು ಗೌಂಡಿ ಯಾಕೆ ಕೆಳಗಡೆ ಕಟ್ಟುತ್ತಾನೆಂದು ಆ ಮಗು ಜನ್ಮದಲ್ಲಿ ಮರೆಯುವುದಿಲ್ಲ. ಒಂದು ಎಚ್ಚರ: ಹಸಿ ಸಿಮೆಂಟು ಚರ್ಮ ಸುಡುತ್ತದೆ, ಕಣ್ಣಿಗೆ ಹಾರಿದರೆ ಅಪಾಯ. ಕಲಸುವುದು ದೊಡ್ಡವರು, ಕೈಗವಸು ಹಾಕಿಕೊಂಡು. ಬಕೀಟಿನ ಕೆಳಗೆ ಯಾರ ಕಾಲೂ ಇರಬಾರದು.

ಬಿಸಿಲೂ ನಮ್ಮ ಊರಿನ ಸಾಮಾನೇ! ಎರಡು ಖಾಲಿ ಬಿಸ್ಕೀಟ್ ಡಬ್ಬಿ. ಒಂದಕ್ಕೆ ಸುಣ್ಣ ಬಳಿಯಿರಿ, ಇನ್ನೊಂದನ್ನು ಹಾಗೇ ಬಿಡಿ. ನಡು ಮಧ್ಯಾಹ್ನ ಒಳಗೊಂದು ಥರ್ಮಾಮೀಟರ್ ಇಟ್ಟು ನೋಡಿದರೆ ಸುಣ್ಣದ ಡಬ್ಬಿ ತಂಪು. ಸಾಲಿಯ ಮಾಡಿಗೆ ಸುಣ್ಣ ಬಳಿಯಬೇಕೋ ಬೇಡವೋ ಎಂದು ಮಕ್ಕಳೇ ಹೆಡ್ ಮಾಸ್ತರರಿಗೆ ಲೆಕ್ಕ ಒಪ್ಪಿಸಬಹುದು.

ಮಳಖೇಡದ ಲೆಕ್ಕ ಮಳಖೇಡದವರಿಗೇ ಮರೆತಿದೆ

ಇಂಥ ಕೆಲಸ ನಮ್ಮ ನೆಲಕ್ಕೆ ಹೊರಗಿನದು ಎಂದು ತಿಳಿಯಬೇಡಿ. ಮಳಖೇಡ ಎಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಹೆಸರು ಎಲ್ಲರಿಗೂ ಗೊತ್ತು. ಆದರೆ ಅವನ ಕಾಲದಲ್ಲಿ, ಅವನ ಆಶ್ರಯದಲ್ಲಿ, ಸುಮಾರು ಕ್ರಿ.ಶ. 850ರ ಹೊತ್ತಿಗೆ ಮಹಾವೀರಾಚಾರ್ಯ ಎಂಬ ಜೈನ ಪಂಡಿತ ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥ ಬರೆದದ್ದು ಎಷ್ಟು ಜನರಿಗೆ ಗೊತ್ತು? ಅದರಲ್ಲಿ ಬಡ್ಡಿ ಲೆಕ್ಕ, ಪಾಲಿನ ಲೆಕ್ಕ ಇದ್ದಂತೆ ತೋಡಿದ ಗುಂಡಿಯ ಲೆಕ್ಕಕ್ಕೇ ಒಂದು ಅಧ್ಯಾಯ, ನೆರಳಿನ ಲೆಕ್ಕಕ್ಕೇ ಒಂದು ಅಧ್ಯಾಯ ಇದೆ. 1912ರಲ್ಲಿ ಮದರಾಸಿನ ರಂಗಾಚಾರ್ಯರು ಅದನ್ನು ಇಂಗ್ಲಿಷಿಗೆ ತಂದರು. ಕನ್ನಡ ಅನುವಾದವೂ 2000ದಲ್ಲಿ ಹೊಂಬುಜದಿಂದ ಅಚ್ಚಾಗಿದೆ.

ಈ ನೆರಳಿನ ಲೆಕ್ಕಕ್ಕೆ ಬೇಕಾದದ್ದು ಒಂದು ಮೀಟರ್ ಕೋಲು, ಒಂದು ಟೇಪು. ಸಾಲಿಯ ನೀರಿನ ಟ್ಯಾಂಕ್ ಎಷ್ಟು ಎತ್ತರ? ಹತ್ತುವ ಕೆಲಸವಿಲ್ಲ. ಕೋಲನ್ನು ನೆಟ್ಟಗೆ ನಿಲ್ಲಿಸಿ ನೆರಳು ಅಳೆಯಿರಿ. ಅರ್ಧ ಮೀಟರ್ ಬಂತೆನ್ನಿ. ಅದೇ ಹೊತ್ತಿಗೆ ಟ್ಯಾಂಕಿನ ನೆರಳು ಆರು ಮೀಟರ್ ಇದ್ದರೆ ಟ್ಯಾಂಕ್ ಹನ್ನೆರಡು ಮೀಟರ್. ಹತ್ತನೇ ಇಯತ್ತೆಯ ಸಮರೂಪ ತ್ರಿಭುಜದ ಪಾಠ ಇದೇ ಅಲ್ಲವೇ? ಮಾನ್ಯಖೇಟದ ಮಕ್ಕಳಿಗೆ ಇದನ್ನು ಬಿಸಿಲಲ್ಲಿ ನಿಲ್ಲಿಸಿ ಕಲಿಸದೆ, ಕೋಣೆಯಲ್ಲಿ ಕೂಡಿಸಿ ಬಾಯಿಪಾಠ ಮಾಡಿಸುತ್ತೇವೆ!

ರೊಕ್ಕದ ದಾರಿ

ಎರಡನೇ ‘ಇಲ್ಲ’ ರೊಕ್ಕದ್ದು. ದಾರಿಗಳು ಇವೆ, ಒಂದೊಂದೂ ಒಂದೊಂದು ಕಚೇರಿಯ ಫೈಲಿನಲ್ಲಿದೆ. ಮಾಸ್ತರರ ಕೈಗೆ ಎಲ್ಲವೂ ಒಟ್ಟಿಗೆ ಸಿಗುವುದಿಲ್ಲ. ಅದಕ್ಕೇ ಇಲ್ಲಿ ಒಂದೇ ಕಡೆ ಬರೆದಿದ್ದೇವೆ.

ಒಂದು, ಕೇಂದ್ರ ವಿಜ್ಞಾನ ತಂತ್ರಜ್ಞಾನ ಇಲಾಖೆಯ ‘ಇನ್‌ಸ್ಪೈರ್ ಮಾನಕ್’. ಆರನೇ ಇಯತ್ತೆಯಿಂದ ಮೇಲಿನ ಮಕ್ಕಳು ಒಂದು ಹೊಸ ವಿಚಾರ ಬರೆದು ಕೊಟ್ಟರೆ, ಹೆಡ್ ಮಾಸ್ತರರು ಅದನ್ನು ಆನ್‌ಲೈನ್ ಕಳಿಸಬೇಕು. ಆರಿಸಿ ಬಂದರೆ ಮಾದರಿ ಮಾಡಲು ಮಗುವಿನ ಬ್ಯಾಂಕ್ ಖಾತೆಗೇ 10,000 ರೂಪಾಯಿ. ಅರ್ಜಿಗೆ ಫೀಜು ಇಲ್ಲ. ಕಳಿಸದಿದ್ದರೆ ಬರುವುದಿಲ್ಲ, ಅಷ್ಟೇ.

ಎರಡು, ‘ಅಟಲ್ ಟಿಂಕರಿಂಗ್ ಲ್ಯಾಬ್’. 2016ರಲ್ಲಿ ನೀತಿ ಆಯೋಗ ಶುರು ಮಾಡಿದ ಯೋಜನೆ. ಆಯ್ಕೆಯಾದ ಸಾಲಿಗೆ 20 ಲಕ್ಷ: ಹತ್ತು ಲಕ್ಷ ಸಲಕರಣೆಗೆ, ಹತ್ತು ಲಕ್ಷ ಐದು ವರ್ಷ ನಡೆಸಲಿಕ್ಕೆ. 2025ರ ಕೇಂದ್ರ ಬಜೆಟ್ಟಿನಲ್ಲಿ ಸರಕಾರಿ ಸಾಲಿಗಳಲ್ಲಿ ಐದು ವರ್ಷದೊಳಗೆ ಇನ್ನೂ 50,000 ಲ್ಯಾಬು ಮಾಡುವುದಾಗಿ ಹೇಳಿದ್ದಾರೆ. ನಮ್ಮ ತಾಲೂಕುಗಳ ಪಾಲು ಎಷ್ಟು ಎಂದು ಕೇಳಬೇಕಾದವರು ನಾವೇ. ಆದರೆ ಒಂದು ಮಾತು. ಇಪ್ಪತ್ತು ಲಕ್ಷದ ಲ್ಯಾಬಿಗೆ ಬೀಗ ಹಾಕಿ, ಸಾಹೇಬರು ಬಂದಾಗ ಮಾತ್ರ ತೆಗೆದರೆ ಅದಕ್ಕಿಂತ ಕಡ್ಡಿಪೆಟ್ಟಿಗೆ, ವಾಲ್ ಟ್ಯೂಬೇ ಮೇಲು.

ಮೂರು, ಕಾರ್ಖಾನೆಗಳು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಶಿಕ್ಷಣ ಅದರ ಪಟ್ಟಿಯಲ್ಲಿದೆ. ತಾವು ನಡೆಯುವ ಸುತ್ತಮುತ್ತಲ ಊರಿಗೆ ಆದ್ಯತೆ ಎಂದೂ ಕಾಯ್ದೆಯಲ್ಲೇ ಇದೆ. ನಾವು ಕೇಳುವುದೇನು? ಕಂಪೌಂಡು, ಕಮಾನು, ಬಣ್ಣ. ಎಸ್.ಡಿ.ಎಂ.ಸಿ. ಸಭೆಯಲ್ಲಿ ಠರಾವು ಮಾಡಿ, ಕಮಾನಿನ ಬದಲು ಒಂದು ಸಲಕರಣೆ ಪೆಟ್ಟಿಗೆ ಕೇಳಿ ನೋಡಿ: ಸುತ್ತಿಗೆ, ಪಾನಾ, ಪಕ್ಕಡ, ಸ್ಕ್ರೂಡ್ರೈವರ್, ಸಣ್ಣ ಗರಗಸ, ಟೇಪು, ಸ್ಪ್ರಿಂಗ್ ತಕ್ಕಡಿ, ಥರ್ಮಾಮೀಟರ್, ಕಣ್ಣಿಗೆ ಹಾಕುವ ಕನ್ನಡಕ, ಕೈಗವಸು. ಒಂದು ಕಮಾನಿನ ಖರ್ಚಿನಲ್ಲಿ ಎಷ್ಟು ಸಾಲಿಗೆ ಇಂಥ ಪೆಟ್ಟಿಗೆ ಬರುತ್ತವೆ ಎಂದು ಹಾರ್ಡ್‌ವೇರ್ ಅಂಗಡಿಯವರು ಬೆರಳೆಣಿಸಿ ಹೇಳುತ್ತಾರೆ.

ನಾಲ್ಕು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ‘ಅಕ್ಷರ ಆವಿಷ್ಕಾರ’ ಎಂಬ ಹೆಸರಿನಲ್ಲಿ ಅನುದಾನದ ಶೇ. 25ನ್ನು ಶಿಕ್ಷಣಕ್ಕೆ ಎತ್ತಿಡುವುದಾಗಿ ಮಂಡಳಿ ಹೇಳಿದೆ. ಕೋಣೆ ಕಟ್ಟಲಿ, ಬೇಕೇ ಬೇಕು. ಆ ಕೋಣೆಯೊಳಗೆ ಮಕ್ಕಳ ಕೈಗೆ ಏನು ಕೊಡುತ್ತೀರಿ ಎಂಬ ಪ್ರಶ್ನೆಗೂ ಅದರಲ್ಲಿ ಜಾಗ ಇರಲಿ.

ಹೇಳಿಕೊಡೋರು ಯಾರು?

ಮೂರನೇ ‘ಇಲ್ಲ’ವೇ ಗಟ್ಟಿ ಪ್ರಶ್ನೆ. ಮಾಸ್ತರರಿಗೆ ತರಬೇತಿ ಇಲ್ಲ, ಪುರುಸೊತ್ತು ಇನ್ನೂ ಇಲ್ಲ.

ಇದಕ್ಕೆ ಒಂದು ಉದಾಹರಣೆ ದೂರದ್ದೇನಲ್ಲ. ವಾಡಿಯಲ್ಲಿ ರೈಲು ಹತ್ತಿ ಪುಣೆಗೆ ಇಳಿದರೆ ಆ ಜಿಲ್ಲೆಯಲ್ಲೇ ಪಾಬಳ ಎಂಬ ಬರಗಾಲದ ಊರಿದೆ. ಅಲ್ಲಿಗೆ 1983ರಲ್ಲಿ ಡಾ. ಎಸ್.ಎಸ್. ಕಲಬಾಗ ಎಂಬ ವಿಜ್ಞಾನಿ ಹಿಂದುಸ್ತಾನ್ ಲಿವರ್ ಕಂಪನಿಯ ಕೆಲಸ ಬಿಟ್ಟು ಬಂದು ‘ವಿಜ್ಞಾನ ಆಶ್ರಮ’ ಕಟ್ಟಿದರು. ಸಾಲಿಯ ಎಂಟರಿಂದ ಹತ್ತನೇ ಇಯತ್ತೆ ಮಕ್ಕಳಿಗೆ ವಾರದಲ್ಲಿ ಒಂದು ದಿನ ಕೈಕೆಲಸ: ವೆಲ್ಡಿಂಗು, ಗೌಂಡಿ ಕೆಲಸ, ವೈರಿಂಗು, ಹೊಲ, ಅಡಿಗೆ, ಆರೋಗ್ಯ. ಹುಡುಗರು ಹುಡುಗಿಯರು ಎಲ್ಲರೂ ಎಲ್ಲವನ್ನೂ ಮಾಡಬೇಕು. ಊರವರಿಗೆ ಬೇಕಾದ ಕೆಲಸವನ್ನು ಮಾಡಿಕೊಟ್ಟೇ ಕಲಿಯಬೇಕು. ಕಲಿಸುವವರು ಊರಿನ ಕಸುಬುದಾರರೇ. ಮಹಾರಾಷ್ಟ್ರದ ಪರೀಕ್ಷಾ ಬೋರ್ಡು ಅದನ್ನು ಪಾಠವೆಂದೇ ಒಪ್ಪಿಕೊಂಡಿತು. ಕಲಬಾಗರು 2003ರಲ್ಲಿ ತೀರಿಕೊಂಡರು, ಕೆಲಸ ಮುಂದುವರಿದಿದೆ.

ಪಾಬಳದಲ್ಲಿ ಕಾರ್ಖಾನೆಯ ಆಸರೆ ಇರಲಿಲ್ಲ. ನಮ್ಮಲ್ಲಿ ಕಾರ್ಖಾನೆಯಿಂದ ರಿಟೈರಾದ ಫಿಟರುಗಳು ಮನೆಯ ಕಟ್ಟೆ ಮೇಲೆ ಕೂತು ಪೇಪರು ಓದುತ್ತಿದ್ದಾರೆ. ತಿಂಗಳಿಗೆ ಎರಡು ಶನಿವಾರ ಒಂದು ತಾಸು ಬನ್ನಿ ಎಂದರೆ ಇಲ್ಲ ಎನ್ನುವವರೇ? “ಬರ್ರಿ ಅಣ್ಣಾ, ನಮ್ ಹುಡುಗೂರಿಗೆ ಪಾನಾ ಹಿಡಿಯೋದು ತೋರಿಸ್ರಿ” ಎಂದು ಹೆಡ್ ಮಾಸ್ತರರು ಒಮ್ಮೆ ಕರೆದು ನೋಡಲಿ. ಗೌಂಡಿ ತನ್ನ ನೀರಿನ ಲೆವೆಲ್ ಪೈಪು ತಂದು ಅಂಗಳದ ಎರಡು ಮೂಲೆಗೆ ಹಿಡಿದು ತೋರಿಸಿದರೆ, ನೀರು ತನ್ನ ಮಟ್ಟ ತಾನೇ ಹುಡುಕುತ್ತದೆ ಎಂಬ ಪಾಠಕ್ಕೆ ಪುಸ್ತಕವೇ ಬೇಡ.

ಕಲಬುರಗಿಯಲ್ಲಿ 1958ರಿಂದ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜಿದೆ. ಎನ್.ಎಸ್.ಎಸ್. ಸೇರಿದ ಕಾಲೇಜು ಹುಡುಗರು ವರ್ಷಕ್ಕೆ 120 ತಾಸು ಸೇವೆ ಮಾಡಬೇಕೆಂಬ ನಿಯಮವಿದೆ. ಆ ತಾಸುಗಳಲ್ಲಿ ಒಂದಿಷ್ಟು ಸೇಡಂ, ಚಿತ್ತಾಪುರ ಕಡೆಯ ಸಾಲಿಗಳಿಗೆ ಬರಲಿ. 1984ರಿಂದ ಕಲಬುರಗಿಯಲ್ಲೇ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಜಿಯಂಗೆ ಸೇರಿದ್ದು, ಅಲ್ಲಿಯ ವಿಜ್ಞಾನ ಬಸ್ಸುಗಳು ಹಳ್ಳಿಗೆ ಹೋಗುತ್ತವೆ. ಅಗಸ್ತ್ಯ ಪ್ರತಿಷ್ಠಾನದ ವಿಜ್ಞಾನ ವ್ಯಾನುಗಳೂ ಸಾಲಿಯಿಂದ ಸಾಲಿಗೆ ತಿರುಗುತ್ತವೆ. ಓದಲಿಕ್ಕೆ ಬೇಕೆಂದರೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಮಾಸಪತ್ರಿಕೆ ಕನ್ನಡದಲ್ಲೇ ಇದೆ. ಪಠ್ಯಪುಸ್ತಕದ ಮೇಲಿನ ಚೌಕದ ಗುರುತಿಗೆ ಮೊಬೈಲು ಹಿಡಿದರೆ ‘ದೀಕ್ಷಾ’ದ ಪಾಠ ತೆರೆಯುತ್ತದೆ. ಇಂಗ್ಲಿಷ್ ಬಲ್ಲ ಮಾಸ್ತರರಿಗೆ ಅಮೆರಿಕದ ‘ಟೀಚ್ ಇಂಜಿನಿಯರಿಂಗ್’ ಎಂಬ ಕಡೆ ಸಾವಿರಕ್ಕೂ ಹೆಚ್ಚು ಪಾಠ ಪುಕ್ಕಟೆ. ಕನ್ನಡದಲ್ಲಿ ಅಂಥದೊಂದು ಕಣಜ ಇಲ್ಲ, ಆಗಬೇಕು. ಆಗುವ ತನಕ ಕಾಯುತ್ತ ಕೂಡುವುದೂ ಬೇಡ.

‘ಪಾಸಾಗೋದೇ ಕಷ್ಟ, ಆಟ ಯಾಕ?’

ಇಷ್ಟೆಲ್ಲ ಕೇಳಿ ಒಬ್ಬ ಹಿರಿಯ ಮಾಸ್ತರರು ಕೇಳಿಯೇ ಕೇಳುತ್ತಾರೆ. 2025ರ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ಜಿಲ್ಲೆಗೆ ರಾಜ್ಯದಲ್ಲೇ ಕೊನೆಯ ಸ್ಥಾನ. ಶೇ. 42.43. ನೂರರಲ್ಲಿ ಐವತ್ತೇಳು ಮಕ್ಕಳು ಫೇಲು. ಹಿಂಗಿರುವಾಗ ಕಡ್ಡಿ ಜೋಡಿಸಿಕೊಂಡು ಕೂತರೆ ಮೇಲಿನ ಸಾಹೇಬರಿಗೆ ಏನು ಉತ್ತರ ಹೇಳುವುದು?

ನ್ಯಾಯವಾದ ಪ್ರಶ್ನೆ. ಕಡ್ಡಿ ಜೋಡಿಸಿದ ಮಾತ್ರಕ್ಕೆ ಫಲಿತಾಂಶ ರಾತ್ರೋರಾತ್ರಿ ಏರುತ್ತದೆ ಎಂದು ಈ ಅಂಕಣ ಹೇಳುವುದಿಲ್ಲ. ಆದರೆ ಇಷ್ಟು ವರ್ಷ ಬಾಯಿಪಾಠ ಮಾಡಿಸಿ ಏರಿಸಿದ್ದೇನು? ನೆರಳು ಅಳೆಯುವುದು ಲೆಕ್ಕದ ಪಾಠವೇ. ಬಕೀಟಿನ ಉಸುಕು ಬಲದ ಪಾಠವೇ. ಸುಣ್ಣದ ಡಬ್ಬಿ ಶಾಖದ ಪಾಠವೇ. ಪುಸ್ತಕದ ಹೊರಗಿನದು ಒಂದೂ ಇಲ್ಲ. ವಾರಕ್ಕೆ ಒಂದೇ ಪೀರಿಯಡ್, ಅದೂ ಹತ್ತನೇ ಇಯತ್ತೆಗೆ ಬೇಡ. ಆರು, ಏಳು, ಎಂಟರಲ್ಲಿ. ಸಾಲಿ ಎಂದರೆ ಬೇಸರ ಎಂದು ಹುಡುಗ ತೀರ್ಮಾನ ಮಾಡುವುದು ಆ ವಯಸ್ಸಿನಲ್ಲೇ. ಫೇಲಾದದ್ದು ಹತ್ತರಲ್ಲಿ ಕಂಡರೂ ಬಿಟ್ಟುಹೋದದ್ದು ಏಳರಲ್ಲಿ.

ಇನ್ನೊಂದು ಮಾತು ಹೆಣ್ಣುಮಕ್ಕಳದು. ಸಲಕರಣೆ ಬಂದ ಕೂಡಲೇ ಹುಡುಗರು ಸುತ್ತಿಗೆ ಹಿಡಿಯುತ್ತಾರೆ, ಹುಡುಗಿಯರಿಗೆ ಬಣ್ಣ ಹಚ್ಚುವ ಕೆಲಸ ಬೀಳುತ್ತದೆ. ಮಾಸ್ತರರು, ಅಕ್ಕೋರು ಇದರ ಮೇಲೆ ಕಣ್ಣಿಡಬೇಕು. ಪಾನಾಕ್ಕೆ ಗಂಡು ಹೆಣ್ಣು ಇಲ್ಲ.

ಅಂಗಡಿಯವರಿಗೆ ಒಂದು ಮಾತು

ಈಗ ಈ ಪುಟ ಓದುವ ಅಂಗಡಿಕಾರರಿಗೆ. ನಿಮ್ಮಲ್ಲಿ ಸಾಯಂಕಾಲ ಕಸಕ್ಕೆ ಹೋಗುವುದೇ ಸಾಲಿಗೆ ಬೇಕಾದ ಸಾಮಾನು. ಬಟ್ಟೆ ಅಂಗಡಿಯ ರಟ್ಟು, ಟೇಲರನ ಖಾಲಿ ದಾರದ ಉಂಡೆ, ಕಿರಾಣಿಯ ಸುತಳಿ, ಡಬ್ಬಿ, ಎಲೆಕ್ಟ್ರಿಕ್ ಅಂಗಡಿಯ ವೈರಿನ ತುಂಡು, ಸೈಕಲ್ ಅಂಗಡಿಯ ಹಳೇ ಟ್ಯೂಬು, ಬೇರಿಂಗಿನ ಗುಂಡು, ಫರಸಿ ಅಂಗಡಿಯ ಒಡೆದ ಚೂರು. ಅಂಗಡಿ ಮೂಲೆಯಲ್ಲಿ ಒಂದು ರಟ್ಟಿನ ಡಬ್ಬಿ ಇಟ್ಟು ಮೇಲೆ ‘ಸಾಲಿ ಸಾಮಾನು’ ಎಂದು ಬರೆಯಿರಿ. ತಿಂಗಳಿಗೊಮ್ಮೆ ಹುಡುಗರು ಬಂದು ಒಯ್ಯಲಿ. ಚೂಪಾದದ್ದು, ಬ್ಯಾಟರಿ ಆಸಿಡ್, ಬಣ್ಣದ ಡಬ್ಬಿ ಮಾತ್ರ ಬೇಡ. ಹುಡುಗ ಬಂದು “ಕಾಕಾ, ವಾಲ್ ಟ್ಯೂಬ್ ಬೇಕಾಗಿತ್ರಿ, ಸಾಲ್ಯಾಗ ತ್ರಿಕೋಣ ಮಾಡ್ಲಿಕ್ಕೆ” ಎಂದರೆ ಗದರಿಸಬೇಡಿ. ನಾಳೆ ನಿಮ್ಮ ಮೋಟಾರು ರಿಪೇರಿ ಮಾಡುವವನು ಅವನೇ ಆದಾನು.

ಬಸ್ಸಿನಲ್ಲಿ ಹೋಗುವವರಿಗೆ ಇನ್ನೂ ಸುಲಭದ ಕೆಲಸ. ನಿಮ್ಮ ಮಗು ಓದುವ ಸಾಲಿಯ ಎಸ್.ಡಿ.ಎಂ.ಸಿ. ಸಭೆಗೆ ಹೋಗಿ ಮೂರೇ ಪ್ರಶ್ನೆ ಕೇಳಿ. ಈ ವರ್ಷ ಇನ್‌ಸ್ಪೈರ್ ಮಾನಕ್ಕಿಗೆ ಎಷ್ಟು ಮಕ್ಕಳ ವಿಚಾರ ಕಳಿಸಿದ್ದೀರಿ? ಸಲಕರಣೆ ಪೆಟ್ಟಿಗೆ ಇದೆಯೇ, ಅದರ ಬೀಗದ ಕೈ ಯಾರ ಹತ್ತಿರ ಇದೆ? ವಾರದಲ್ಲಿ ಯಾವ ದಿನ ಮಕ್ಕಳು ಕೈಯಿಂದ ಏನಾದರೂ ಮಾಡುತ್ತಾರೆ? ಉತ್ತರ ಸಿಗದಿದ್ದರೆ ಮುಂದಿನ ಸಭೆಗೂ ಹೋಗಿ ಅದನ್ನೇ ಕೇಳಿ.

ಸಾಮಾನು ಬಜಾರಿನಲ್ಲಿದೆ. ರೊಕ್ಕ ಫೈಲಿನಲ್ಲಿದೆ. ಹೇಳಿಕೊಡುವವರು ಕಟ್ಟೆ ಮೇಲಿದ್ದಾರೆ. ಈ ಮೂರನ್ನೂ ಕೂಡಿಸುವ ಒಬ್ಬ ಮನುಷ್ಯ ಪ್ರತಿ ಸಾಲಿಗೆ ಬೇಕು. ಹೆಡ್ ಮಾಸ್ತರರು ಆಗಲಿ, ಸಿ.ಆರ್.ಪಿ. ಆಗಲಿ, ಎಸ್.ಡಿ.ಎಂ.ಸಿ. ಅಧ್ಯಕ್ಷರೇ ಆಗಲಿ. ಅಂಥವರಿಗೆ ವರ್ಷದ ಮೊದಲ ದಿನವೇ ಈ ಕೆಲಸ ವಹಿಸಿ, ಹೆಸರು ಸಾಲಿಯ ಗೋಡೆ ಮೇಲೆ ಬರೆಯಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಿದರೆ ಸಾಕು, ಹಣಕಾಸು ಇಲಾಖೆಯ ಮಂಜೂರಾತಿ ಇದಕ್ಕೆ ಬೇಡ.

ಸಂಬಂಧಪಟ್ಟವರು ಗಮನಿಸುತ್ತಾರೋ ಇಲ್ಲವೋ ನೋಡೋಣ. ಅಲ್ಲಿಯವರೆಗೆ ಓದುಗರು ಈ ಪುಟ ಕತ್ತರಿಸಿ ನಿಮ್ಮೂರ ಮಾಸ್ತರರ ಕೈಗೆ ಕೊಡಿ. ಮಿರ್ಚಿ ಭಜಿ ಕಟ್ಟಲಿಕ್ಕೆ ಉಳಿದ ಪುಟಗಳು ಸಾಕು.